ಪ್ಯಾಂಕ್ರಿಯಾಸ್ ಆಪರೇಶನ್ ಆದ ಮೇಲೂ ಉಳಿಯುವ ಬೇನೆ: ಯಾವ ನೋವಿಗೆ ಯಾವ ದಾರಿ?

ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರಿಗೆ ಮಾಡುವ ವಿಪ್ಪಲ್ ಆಪರೇಶನ್ ಮುಗಿಸಿ ಮಂಗಳೂರಿನಿಂದ ಮನೆಗೆ ಬಂದವರ ಡಿಸ್ಚಾರ್ಜ್ ಚೀಟಿಯಲ್ಲಿ ನೋವಿನ ಬಗ್ಗೆ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ಬೇಕಾದಾಗ ಪ್ಯಾರಾಸಿಟಮಾಲ್. ಎರಡು ತಿಂಗಳು ಕಳೆಯುವಷ್ಟರಲ್ಲಿ ಹೊಲಿಗೆ ಒಣಗಿರುತ್ತದೆ, ನೋಡಿ ಹೋಗಲು ಬರುವ ನೆಂಟರು ಕಡಿಮೆಯಾಗಿರುತ್ತಾರೆ, ಕಿಮೊ ಶುರುವಾಗಿರುತ್ತದೆ. ಬೇನೆ ಮಾತ್ರ ಹೋಗಿರುವುದಿಲ್ಲ. ಆಗ ಒಬ್ಬೊಬ್ಬರದು ಒಂದೊಂದು ಸಲಹೆ. ಮೆಡಿಕಲ್‌ನವರು ಸ್ಟ್ರಾಂಗ್ ಗುಳಿಗೆ ಒಂದು ಸ್ಟ್ರಿಪ್ ಕೊಡುತ್ತಾರೆ. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ "ಮೈಗೆ ನೋವಿನ ಪ್ಯಾಚ್ ಅಂಟಿಸಿದರೆ ಆಯಿತಲ್ಲ ಅಮ್ಮಾ" ಎನ್ನುತ್ತಾನೆ. ಪಕ್ಕದ ಮನೆಯ ಮಾವ ಯಾವುದೋ ಕಷಾಯ ಹೇಳುತ್ತಾರೆ. ಪಂಚಾಯತಿನ ಪಾಲಿಯೇಟಿವ್ (ನೋವು, ಯಾತನೆ ತಗ್ಗಿಸುವ ಆರೈಕೆಯ) ನರ್ಸನ್ನು ಕರೆಯೋಣ ಎಂದರೆ ಮಾತ್ರ ಮನೆಯವರ ಮುಖ ಸಣ್ಣದಾಗುತ್ತದೆ. "ಅಷ್ಟಕ್ಕೆ ಬಂತಾ?"

ನಾನು ಕಾಸರಗೋಡು ಕಡೆ ಪಾಲಿಯೇಟಿವ್ ಕೆಲಸಕ್ಕೆ ಕೈಜೋಡಿಸುವ ಸ್ವಯಂಸೇವಕ, ಡಾಕ್ಟರಲ್ಲ. ಇದನ್ನು ಬರೆದದ್ದು ಡಾಕ್ಟರ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂದು ನಿಮಗೆ ತಿಳಿದಿರಲಿ ಎಂದು. ಗುಳಿಗೆಯ ಲೆಕ್ಕ ಬದಲಿಸುವುದು ಅವರ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮದ್ದುಗಳಲ್ಲಿ ಯಾವುದು ಗಟ್ಟಿ, ಯಾವುದು ಮೆತ್ತಗೆ ಎಂದು ಹೋಲಿಸುತ್ತಾ ಕೂತರೆ ದಾರಿ ತಪ್ಪುತ್ತದೆ. ಮೊದಲು ಹೋಲಿಸಬೇಕಾದ್ದು ನೋವುಗಳನ್ನು. ಮಾರ್ಫಿನ್‌ಗೂ ಸರಿಯಾಗಿ ಬಗ್ಗದ ಒಂದು ಬಗೆಯ ಹೊಟ್ಟೆನೋವು ಊಟದ ಜೊತೆಗಿನ ಒಂದು ಕ್ಯಾಪ್ಸೂಲಿಗೆ ಅಡಗುತ್ತದೆ.

ನೋಯುವುದು ಎಲ್ಲಿ?

1935ರಲ್ಲಿ ಅಮೆರಿಕದ ಸರ್ಜನ್ ಅಲೆನ್ ವಿಪ್ಪಲ್ ವಿವರಿಸಿದ ಆಪರೇಶನ್ ಇದು. ಮೇದೋಜೀರಕ ಗ್ರಂಥಿಯ ತಲೆಭಾಗ, ಅದಕ್ಕೆ ತಾಗಿಕೊಂಡ ಸಣ್ಣಕರುಳಿನ ಆರಂಭ, ಪಿತ್ತಕೋಶ, ಪಿತ್ತನಾಳದ ಒಂದು ತುಂಡು, ಕೆಲವರಲ್ಲಿ ಜಠರದ ತುದಿ, ಇಷ್ಟನ್ನೂ ತೆಗೆಯುತ್ತಾರೆ. ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಕರುಳಿಗೆ ಹೊಸದಾಗಿ ಜೋಡಿಸುತ್ತಾರೆ. ಗಡ್ಡೆ ಗ್ರಂಥಿಯ ಬಾಲದ ಕಡೆ ಇದ್ದರೆ ಆಪರೇಶನ್ ಬೇರೆಯೇ, ಆಗ ಹೆಚ್ಚಾಗಿ ಗುಲ್ಮವನ್ನೂ ತೆಗೆಯುತ್ತಾರೆ. ಹೊಟ್ಟೆಯೊಳಗೆ ಇಷ್ಟೆಲ್ಲ ನಡೆದ ಮೇಲೆ ಕೆಲವು ವಾರ ನೋಯುವುದು ಸಹಜ. ಮೂರು ತಿಂಗಳು ದಾಟಿಯೂ ಉಳಿದರೆ ಅದನ್ನು ಬೇರೆಯದೇ ತೊಂದರೆ ಎಂದು ಎಣಿಸಿ ಕಾರಣ ಹುಡುಕಬೇಕು.

ಮೊದಲ ಬಗೆ ಹೊಟ್ಟೆಯ ಗೋಡೆಯ ನೋವು. ಕೊಯ್ದ ಗೀಟಿನ ಉದ್ದಕ್ಕೆ ಅಥವಾ ಅದರ ಬದಿಯಲ್ಲಿ ಉರಿ, ಚುಚ್ಚು, ಕರೆಂಟ್ ಹೊಡೆದಂತೆ ಸೆಳೆತ. ಸೀರೆಯ ನೆರಿಗೆಯೋ ಲುಂಗಿಯ ಕಟ್ಟೋ ತಾಗಿದರೂ ಸಹಿಸಲಾಗದು, ಅದರ ಪಕ್ಕದಲ್ಲೇ ಒಂದಷ್ಟು ಜಾಗ ಮರಗಟ್ಟಿರುತ್ತದೆ. ಚರ್ಮದ ಕೆಳಗಿನ ನರಗಳು ತುಂಡಾದದ್ದರ, ಗಾಯದ ಕಲೆಯಲ್ಲಿ ಸಿಕ್ಕಿಕೊಂಡದ್ದರ ಪರಿಣಾಮ ಇದು. ಇದನ್ನು ಪತ್ತೆಹಚ್ಚಲು ಸ್ಕ್ಯಾನಿಂಗಿಗಿಂತ ಹಳೆಯದೊಂದು ಉಪಾಯವಿದೆ. 1926ರಲ್ಲಿ ಜಾನ್ ಕಾರ್ನೆಟ್ ಎಂಬ ಸರ್ಜನ್ ಹೇಳಿದ್ದು. ಮಲಗಿಕೊಂಡು ಹೆಚ್ಚು ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ತಲೆಯನ್ನೂ ಭುಜವನ್ನೂ ಸ್ವಲ್ಪ ಎತ್ತಬೇಕು. ಹೊಟ್ಟೆಯ ಸ್ನಾಯು ಬಿಗಿದಾಗ ನೋವು ಹೆಚ್ಚಾದರೆ ಅಥವಾ ಹಾಗೇ ಉಳಿದರೆ ಅದು ಗೋಡೆಯದು. ಕಡಿಮೆಯಾದರೆ ಮೂಲ ಒಳಗಿದೆ. ಗಾಯ ಪೂರ್ತಿ ಒಣಗುವ ಮೊದಲು ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ, ಡಾಕ್ಟರೇ ನೋಡಲಿ. ಅಲ್ಲೇ ಉಬ್ಬು ಕಂಡು, ಕೆಮ್ಮಿದಾಗ ಅದು ದೊಡ್ಡದಾದರೆ ಹರ್ನಿಯಾ ಇರಬಹುದು.

ಎರಡನೆಯದು ಊಟಕ್ಕೆ ಅಂಟಿಕೊಂಡ ನೋವು. ಉಂಡ ಮೇಲೆ ಹೊಟ್ಟೆ ಉಬ್ಬರ, ಗುಡುಗುಡು, ಹಿಂಡಿದಂತಹ ನೋವು. ಮಲ ಎಣ್ಣೆಎಣ್ಣೆಯಾಗಿ, ಮಾಸಲು ಬಣ್ಣದಲ್ಲಿ, ನೀರು ಹೊಯ್ದರೂ ಹೋಗದೆ ತೇಲುತ್ತದೆ, ವಾಸನೆ ವಿಪರೀತ. ತೂಕ ಇಳಿಯುತ್ತಲೇ ಇರುತ್ತದೆ. ಇದು ಪಚನರಸದ ಕೊರತೆ.

ಮೂರನೆಯದು ಆಳದ್ದು. ಮೇಲುಹೊಟ್ಟೆಯಿಂದ ಬೆನ್ನಿಗೆ ಕೊರೆಯುತ್ತದೆ, ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಗ್ಗಿ ಕೂತರೆ ಸ್ವಲ್ಪ ಸಮಾಧಾನ. ರಾತ್ರಿಯಿಡೀ ತಲೆದಿಂಬನ್ನು ಹೊಟ್ಟೆಗೆ ಅವಚಿಕೊಂಡು ಕೂತವರನ್ನು ನೋಡಿದ್ದೇನೆ. ಬೆನ್ನುಮೂಳೆಯ ಮುಂದೆ ಇರುವ ಸೀಲಿಯಾಕ್ ನರಜಾಲಕ್ಕೆ ತೊಂದರೆಯಾದಾಗ ಹೀಗಾಗುತ್ತದೆ. ಆಪರೇಶನ್ ಆಗಿ ಕೆಲವು ತಿಂಗಳು ಸುಖವಾಗಿದ್ದವರಿಗೆ ಈ ನೋವು ಹೊಸದಾಗಿ ಬಂದರೆ ಕ್ಯಾನ್ಸರ್ ಮರಳಿದೆಯೇ ಎಂದು ನೋಡಲೇಬೇಕು. ಹೆದರಿಸಲು ಹೇಳುತ್ತಿಲ್ಲ. ಬೆನ್ನುನೋವು ಎಂದು ಎಣ್ಣೆ ತಿಕ್ಕಿಸಿಕೊಂಡು ತಿಂಗಳುಗಟ್ಟಲೆ ಕಳೆಯುವವರು ನಮ್ಮಲ್ಲಿ ಬಹಳ.

ಇನ್ನೊಂದು ಬಗೆ ಆಪರೇಶನ್ನಿನದೇ ಅಲ್ಲ, ಕಿಮೊದ್ದು. ಆಪರೇಶನ್ ನಂತರ ಗಟ್ಟಿಮುಟ್ಟಾಗಿರುವವರಿಗೆ ಈಗ ಹೆಚ್ಚಾಗಿ ಫಾಲ್ಫಿರಿನಾಕ್ಸ್ ಎಂಬ ಮದ್ದುಗಳ ಕೂಟದ ಮಾರ್ಪಡಿಸಿದ ರೂಪ ಕೊಡುತ್ತಾರೆ. ಅದರಲ್ಲಿರುವ ಆಕ್ಸಾಲಿಪ್ಲಾಟಿನ್ ಕೈಕಾಲಿನ ಬೆರಳುಗಳ ನರಕ್ಕೆ ಪೆಟ್ಟು ಕೊಡುತ್ತದೆ. ಜುಮ್ಮೆನ್ನುವುದು, ಉರಿ, ಫ್ರಿಜ್ಜಿನ ತಣ್ಣೀರು ಮುಟ್ಟಿದರೆ ಚುಚ್ಚುವುದು ಅದರಿಂದ. ಇದನ್ನು ಕಿಮೊ ಕೊಡುವವರಿಗೇ ಹೇಳಬೇಕು, ಪ್ರಮಾಣ ಇಳಿಸುವುದೋ ನಿಲ್ಲಿಸುವುದೋ ಅವರ ಕೈಯಲ್ಲಿದೆ.

ಒಬ್ಬರಲ್ಲೇ ಎರಡು ಮೂರು ಬಗೆ ಸೇರಿರುವುದೂ ಉಂಟು. ಹಾಗಾಗಿ ಒಂದು ವಾರ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಾದರೂ ಬರೆದಿಡಿ: ಎಷ್ಟು ಹೊತ್ತಿಗೆ ನೋವು, ಎಲ್ಲಿ, ಹತ್ತರಲ್ಲಿ ಎಷ್ಟು, ಅದಕ್ಕೆ ಮೊದಲು ಏನು ತಿಂದಿದ್ದರು, ಯಾವ ಗುಳಿಗೆಗೆ ಎಷ್ಟು ಹೊತ್ತಿನ ಸಮಾಧಾನ. "ಹೊಟ್ಟೆನೋವು ಡಾಕ್ಟ್ರೇ" ಎಂಬ ಒಂದೇ ಮಾತಿಗಿಂತ ಆ ಹಾಳೆ ನೂರು ಪಾಲು ಮೇಲು.

ಊಟದ ನೋವಿಗೆ: ಕ್ಯಾಪ್ಸೂಲೋ, ಪಥ್ಯವೋ, ನೋವಿನ ಗುಳಿಗೆಯೋ?

ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸುಲಭವಾಗಿ ಸರಿಹೋಗಬಹುದಾದ ನೋವು ಇದು, ಆದರೂ ಜನ ಹೆಚ್ಚು ಕಾಲ ಅನುಭವಿಸುವುದು ಇದನ್ನೇ.

ನಮ್ಮಲ್ಲಿ ಮೊದಲು ನಡೆಯುವುದು ಪಥ್ಯ. ತೆಂಗಿನಕಾಯಿ ನಿಲ್ಲಿಸುತ್ತಾರೆ, ಎಣ್ಣೆ ನಿಲ್ಲಿಸುತ್ತಾರೆ, ಕುಚ್ಚಲಕ್ಕಿ ಗಂಜಿ ತಿಳಿ ಮತ್ತು ಉಪ್ಪು. ನೋವು ಕಡಿಮೆಯಾಗುತ್ತದೆ ನಿಜ, ಆದರೆ ಮನುಷ್ಯ ಒಣಗಿಹೋಗುತ್ತಾನೆ. ಕಿಮೊ ತಡೆಯಲು ತೂಕ ಬೇಕು, ತೂಕಕ್ಕೆ ಕೊಬ್ಬು ಬೇಕು. ಎರಡನೆಯ ದಾರಿ ನೋವಿನ ಗುಳಿಗೆ. ಟ್ರಮಡಾಲ್, ಮಾರ್ಫಿನ್‌ಗಳು ಕರುಳಿನ ಚಲನೆಯನ್ನು ನಿಧಾನ ಮಾಡುವುದರಿಂದ ಉಬ್ಬರದ ನೋವಿರುವವರಿಗೆ ಕೆಲವೊಮ್ಮೆ ಅದೇ ಹೆಚ್ಚಾಗುತ್ತದೆ.

ಮೂರನೆಯದು ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್, ಕ್ರಿಯಾನ್ ಮುಂತಾದ ಹೆಸರಿನಲ್ಲಿ ಸಿಗುವುದು. ಗ್ರಂಥಿ ಸುರಿಸದ ರಸವನ್ನು ಇದು ಹೊರಗಿನಿಂದ ಕೊಡುತ್ತದೆ. ಪೊಟ್ಟಣದ ಮೇಲಿನ 10,000, 25,000 ಎಂಬ ಸಂಖ್ಯೆ ಲೈಪೇಸ್ ಎಂಬ ಕಿಣ್ವದ ಯೂನಿಟ್. ದೊಡ್ಡ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000, ಚಹಾದ ಹೊತ್ತಿನ ತಿಂಡಿಗೆ ಅದರ ಅರ್ಧ, ಇಲ್ಲಿಂದ ಶುರುಮಾಡಿ ಬೇಕಾದಂತೆ ಡಾಕ್ಟರು ಹೆಚ್ಚಿಸುತ್ತಾರೆ. ದಿನಕ್ಕೆ 10,000ದ ಒಂದೇ ಕ್ಯಾಪ್ಸೂಲ್ ಕೊಟ್ಟು "ಇದರಿಂದ ಏನೂ ಪ್ರಯೋಜನ ಆಗಲಿಲ್ಲ" ಎನ್ನುವ ಮನೆಗಳು ಎಷ್ಟೋ. ಊಟಕ್ಕೆ ಅರ್ಧ ಗಂಟೆ ಮೊದಲೂ ಅಲ್ಲ, ಕೈತೊಳೆದ ಮೇಲೂ ಅಲ್ಲ. ಮೊದಲ ತುತ್ತಿನ ಜೊತೆ ಒಂದು, ಮಧ್ಯದಲ್ಲಿ ಇನ್ನೊಂದು. ಜಗಿಯಬಾರದು, ಬಿಸಿ ಚಹಾದ ಜೊತೆ ನುಂಗಬಾರದು. ನಮ್ಮ ಬೇಸಿಗೆಯ ಸೆಕೆಯಲ್ಲಿ ಅಡುಗೆ ಒಲೆಯ ಪಕ್ಕದ ಕಪಾಟಿನಲ್ಲಿ ಇಡಬಾರದು, ಕಿಣ್ವ ಕೆಡುತ್ತದೆ. ಸರಿಯಾದ ಪ್ರಮಾಣ ಕೊಟ್ಟರೂ ಸಾಲದಿದ್ದರೆ ಆಮ್ಲ ಕಡಿಮೆ ಮಾಡುವ ಗುಳಿಗೆ ಸೇರಿಸಿ ನೋಡುತ್ತಾರೆ, ಆಮ್ಲ ಹೆಚ್ಚಾದ ಕಡೆ ಲೈಪೇಸ್ ಕೆಲಸ ಮಾಡುವುದಿಲ್ಲ.

ಹೇಳದೆ ಬಿಡಬಾರದ ಒಂದು ವಿಷಯ: ಇದನ್ನು ತಯಾರಿಸುವುದು ಹಂದಿಯ ಮೇದೋಜೀರಕದಿಂದ. ಕಾಸರಗೋಡಿನಲ್ಲಿ ಮುಸ್ಲಿಂ ಮನೆಗೂ ಸಸ್ಯಾಹಾರಿ ಬ್ರಾಹ್ಮಣರ ಮನೆಗೂ ಇದು ಒಂದೇ ತೂಕದ ಪ್ರಶ್ನೆ. ಎಷ್ಟೋ ಡಾಕ್ಟರು ಹೇಳುವುದೇ ಇಲ್ಲ. ಆಮೇಲೆ ಯಾರೋ ಇಂಟರ್ನೆಟ್ಟಿನಲ್ಲಿ ಓದಿ, ರೋಗಿ ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಮೊದಲೇ ತಿಳಿದು, ಬೇಕಾದರೆ ಉಸ್ತಾದರಲ್ಲೋ ಮನೆಯ ಹಿರಿಯರಲ್ಲೋ ಮಾತಾಡಿ ತೀರ್ಮಾನಿಸುವುದು ಒಳ್ಳೆಯದು. ಬೇರೆ ದಾರಿಯಿಲ್ಲದ ಮದ್ದು ಎಂದು ಒಪ್ಪಿ ತೆಗೆದುಕೊಳ್ಳುವವರೇ ಹೆಚ್ಚು. ಮೆಡಿಕಲ್‌ನಲ್ಲಿ ಸಿಗುವ ಜೀರ್ಣದ ಸಿರಪ್, ಪಪ್ಪಾಯಿಯ ಕಿಣ್ವದ ಗುಳಿಗೆ ಇದರ ಬದಲಿಯಲ್ಲ. ಅವುಗಳಲ್ಲಿ ಕೊಬ್ಬು ಕರಗಿಸುವ ಶಕ್ತಿ ಈ ಮಟ್ಟದಲ್ಲಿ ಇಲ್ಲ.

ಕ್ಯಾಪ್ಸೂಲ್ ಸರಿಹೊಂದಿದ ಮೇಲೆ ತೆಂಗಿನಕಾಯಿ ಹಾಕಿದ ಕೊದ್ದೆಲ್ ಕೂಡ ಸ್ವಲ್ಪ ಸ್ವಲ್ಪವಾಗಿ ಮರಳಬಹುದು. ಮೂರು ದೊಡ್ಡ ಊಟದ ಬದಲು ಆರು ಸಣ್ಣದು. ಉಂಡ 15–30 ನಿಮಿಷದಲ್ಲೇ ಎದೆ ಹೊಡೆದುಕೊಂಡು, ಬೆವರಿ, ಹೊಟ್ಟೆ ಹಿಂಡಿ ಭೇದಿಯಾಗುತ್ತಿದ್ದರೆ ಅದು ಬೇರೆ. ಜಠರದಿಂದ ಆಹಾರ ಒಮ್ಮೆಲೇ ಕರುಳಿಗೆ ಇಳಿಯುವುದರಿಂದ ಆಗುವಂಥದ್ದು. ಪಾಯಸ, ಬೆಲ್ಲದ ನೀರು, ಎಳನೀರನ್ನು ಗಟಗಟ ಕುಡಿಯುವುದು ನಿಲ್ಲಿಸಿ, ಊಟ ಮತ್ತು ನೀರನ್ನು ಬೇರೆಬೇರೆ ಮಾಡಿದರೆ ಅರ್ಧ ಸರಿಹೋಗುತ್ತದೆ.

ಅಂಗಡಿಯ ಗುಳಿಗೆಗಳು

ಪ್ಯಾರಾಸಿಟಮಾಲನ್ನು ಜನ ಕೀಳಾಗಿ ಕಾಣುತ್ತಾರೆ. ನೋವು ತಡೆಯದಾದಾಗ ಒಂದು ನುಂಗುವ ಬದಲು ಗಡಿಯಾರ ನೋಡಿ ದಿನಕ್ಕೆ ಮೂರು ನಾಲ್ಕು ಸಲ ಕೊಟ್ಟರೆ ಅದರ ಬೆಲೆ ತಿಳಿಯುತ್ತದೆ. ಮೇಲಿನ ಮಿತಿ ದಿನಕ್ಕೆ 4 ಗ್ರಾಂ. ತೂಕ ಇಳಿದವರಿಗೆ, ಲಿವರ್ ತೊಂದರೆ ಇರುವವರಿಗೆ ಡಾಕ್ಟರು ಅದಕ್ಕಿಂತ ಕಡಿಮೆಯಲ್ಲಿ ನಿಲ್ಲಿಸುತ್ತಾರೆ. ಶೀತಜ್ವರದ ಗುಳಿಗೆಯಲ್ಲೂ ಅದೇ ಇರುತ್ತದೆ ಎಂಬುದು ನೆನಪಿರಲಿ. ಕಿಮೊ ನಡೆಯುತ್ತಿರುವವರು ಪ್ರತಿ ಸಲ ಮೊದಲು ಜ್ವರ ನೋಡಿಕೊಂಡು ನುಂಗಬೇಕು, ಯಾಕೆಂದರೆ ಇದು ಜ್ವರವನ್ನು ಮುಚ್ಚಿಹಾಕುತ್ತದೆ.

ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್. "ಮೈಕೈ ನೋವಿನ ಗುಳಿಗೆ" ಎಂದು ಕೇಳಿದರೆ ಅಂಗಡಿಯವರು ಕೊಡುವುದು ಇವನ್ನೇ. ವಿಪ್ಪಲ್ ಆದವರಿಗೆ ಇವು ಬೇಡ ಎಂಬುದು ನನ್ನ ಗಟ್ಟಿ ಮಾತು, ನಿಮ್ಮ ಸರ್ಜನ್ ಸ್ವತಃ ಬರೆದಿದ್ದರೆ ಮಾತ್ರ ಸರಿ. ಜಠರವನ್ನು ಕರುಳಿಗೆ ಹೊಲಿದ ಜೋಡಣೆಯ ಅಂಚಿನಲ್ಲಿ ಹುಣ್ಣಾಗುವ ಸಂಭವವನ್ನು ಇವು ಹೆಚ್ಚಿಸುತ್ತವೆ. ಮೂತ್ರಪಿಂಡಕ್ಕೆ ಹೊರೆ. ಕಿಮೊದಿಂದ ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತಸ್ರಾವದ ಭಯ ಬೇರೆ.

ಟ್ರಮಡಾಲ್ ಮಧ್ಯದ ಮೆಟ್ಟಿಲು. 2018ರಿಂದ ಅದು ಮಾದಕವಸ್ತು ಕಾಯ್ದೆಯಡಿ ಬಂದಿದೆ, ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಕೆಲವರಿಗೆ ವಾಂತಿ ಮತ್ತು ತಲೆಸುತ್ತು ಬಿಟ್ಟರೆ ಇನ್ನೇನೂ ಸಿಗದು. ಮೂರ್ಛೆರೋಗ ಇರುವವರಿಗೆ ಆಗದು. ಖಿನ್ನತೆಯ ಗುಳಿಗೆ ನುಂಗುತ್ತಿದ್ದರೆ ಹೇಳಲೇಬೇಕು. ವಾರಗಟ್ಟಲೆ ಟ್ರಮಡಾಲಿನಲ್ಲಿ ನರಳುವುದಕ್ಕಿಂತ ಸಣ್ಣ ಪ್ರಮಾಣದ ಮಾರ್ಫಿನ್ ಒಳ್ಳೆಯದು ಎನ್ನುವ ಪಾಲಿಯೇಟಿವ್ ಡಾಕ್ಟರುಗಳಿದ್ದಾರೆ. ನೋಡಿದ ಮಟ್ಟಿಗೆ ನನಗೂ ಹಾಗೇ ಅನಿಸುತ್ತದೆ.

ಗೀಟಿನ ಉರಿ, ಬೆರಳಿನ ಜುಮ್ಮಿಗೆ ದಾರಿ ಬೇರೆ. ಪ್ರಿಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್, ರಾತ್ರಿ ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲಿನ್, ಕಿಮೊದ ನರನೋವಿಗೆ ಡುಲೊಕ್ಸೆಟಿನ್. ಚೀಟಿಯಲ್ಲಿ ಫಿಟ್ಸಿನ ಮದ್ದು, ಖಿನ್ನತೆಯ ಮದ್ದು ಎಂದು ಯಾರೋ ಹೇಳಿದ ಕೂಡಲೇ ಗಾಬರಿಯಾಗಬೇಡಿ, ನರನೋವಿಗೆ ಕೊಡುವುದು ಇವನ್ನೇ. ಇವುಗಳ ಫಲ ಕಾಣಲು ಒಂದೆರಡು ವಾರ ಬೇಕು. ಮೊದಲ ದಿನಗಳಲ್ಲಿ ತೂಗಾಟ ಇರುವುದರಿಂದ ರಾತ್ರಿ ಅಂಗಳದಾಚೆಯ ಶೌಚಾಲಯಕ್ಕೆ ಒಬ್ಬರೇ ಹೋಗುವುದು ಬೇಡ. ಪ್ರಾಯವಾದ ಗಂಡಸರಿಗೆ ಅಮಿಟ್ರಿಪ್ಟಿಲಿನ್ ಮೂತ್ರ ಕಟ್ಟಿಸಬಹುದು. ಯಾವುದನ್ನೂ ಒಮ್ಮೆಲೇ ನಿಲ್ಲಿಸಬಾರದು.

ಮಾರ್ಫಿನ್ ಗುಳಿಗೆ ಮತ್ತು ಪ್ಯಾಚ್

ಹೆಚ್ಚು ಜನ ಕೇಳುವುದು ಇದನ್ನೇ, ತಪ್ಪು ಕಲ್ಪನೆ ಹೆಚ್ಚಿರುವುದೂ ಇಲ್ಲೇ.

ಮಾರ್ಫಿನ್ ಎಂದರೆ ಕಡೆಗಾಲದ ಮದ್ದು ಎಂಬ ಮಾತು ನಮ್ಮ ಕಡೆ ಬೇರೂರಿದೆ. ಅದನ್ನು ಕೊಡುವುದು ನೋವು ಎಷ್ಟಿದೆ ಎಂದು ನೋಡಿ, ಆಯುಸ್ಸು ಎಷ್ಟು ಉಳಿದಿದೆ ಎಂದು ನೋಡಿ ಅಲ್ಲ. ಕಾರಣ ಪರಿಹಾರವಾದಾಗ ಡಾಕ್ಟರು ಹಂತಹಂತವಾಗಿ ಇಳಿಸಿ ನಿಲ್ಲಿಸುವುದೂ ಉಂಟು. ಆದರೆ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. ಕ್ಯಾನ್ಸರ್ ಮರಳಿ ಆಳದ ನೋವು ಬಂದಿದ್ದರೆ ಮಾರ್ಫಿನ್‌ಗೆ ಹಿಂಜರಿಯುವುದು ರೋಗಿಗೆ ಮಾಡುವ ಅನ್ಯಾಯ. ಕ್ಯಾನ್ಸರ್ ಇಲ್ಲ, ಸ್ಕ್ಯಾನ್ ಶುದ್ಧವಾಗಿದೆ, ಉಳಿದದ್ದು ಗೀಟಿನ ನೋವೋ ಊಟದ ನೋವೋ ಆಗಿದ್ದರೆ ವರ್ಷಗಟ್ಟಲೆ ಮಾರ್ಫಿನ್ ಒಳ್ಳೆಯ ಉತ್ತರವಲ್ಲ. ದೇಹ ಒಗ್ಗಿಕೊಂಡು ಪ್ರಮಾಣ ಏರುತ್ತದೆ, ಮಲ ಕಟ್ಟುತ್ತದೆ, ಮೂಲ ಕಾರಣ ಹಾಗೇ ಉಳಿಯುತ್ತದೆ.

ಮಾಮೂಲಿ ಮಾರ್ಫಿನ್ ಗುಳಿಗೆಯ ಪರಿಣಾಮ ಸುಮಾರು ನಾಲ್ಕು ಗಂಟೆ. ಹಾಗಾಗಿ ನಾಲ್ಕು ಗಂಟೆಗೊಮ್ಮೆ, ರಾತ್ರಿ ಮಲಗುವಾಗ ಎರಡು ಪಾಲು ಕೊಟ್ಟು ಮಧ್ಯರಾತ್ರಿ ಏಳುವುದನ್ನು ತಪ್ಪಿಸುವ ಕ್ರಮ ಇದೆ. ನಡುವೆ ನೋವು ಎದ್ದರೆ ಕೊಡಲು ಹೆಚ್ಚುವರಿ ಪ್ರಮಾಣವನ್ನೂ ಬರೆದುಕೊಡುತ್ತಾರೆ. ದೊಡ್ಡ ಗುಣ ಇದೇ, ನೋವಿಗೆ ತಕ್ಕಂತೆ ಒಂದೆರಡು ದಿನದಲ್ಲೇ ಏರಿಸಲೂ ಇಳಿಸಲೂ ಆಗುತ್ತದೆ. ಬೆಲೆ ಕಡಿಮೆ, ನಮ್ಮ ಕಡೆಯ ಪಾಲಿಯೇಟಿವ್ ಕೇಂದ್ರಗಳಲ್ಲಿ ಹಲವರಿಗೆ ಉಚಿತವಾಗಿಯೇ ಸಿಗುತ್ತದೆ. ವಾಕರಿಕೆ ಮತ್ತು ಮಂಪರು ಮೊದಲ ಕೆಲವು ದಿನ, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಮೊದಲ ಗುಳಿಗೆಯ ದಿನವೇ ಮಲ ಸಡಿಲಿಸುವ ಮದ್ದನ್ನೂ ಶುರುಮಾಡಬೇಕು. ಬಾಳೆಹಣ್ಣು, ಬಿಸಿನೀರು ಇದಕ್ಕೆ ಸಾಲದು. ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ ಒಳಗೇ ಉಳಿದು ಅಮಲೇರಿಸುತ್ತದೆ, ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ.

ಮಾರ್ಫಿನ್ ಬಗೆಯದೇ ಮದ್ದನ್ನು ಚರ್ಮದ ಮೂಲಕ ಇಳಿಸುವ ಫೆಂಟನಿಲ್ ಪ್ಯಾಚ್ ನೋಡಲು ಚಂದ. ಒಮ್ಮೆ ಅಂಟಿಸಿದರೆ 72 ಗಂಟೆ. ನುಂಗಲಾಗದವರಿಗೆ, ಸದಾ ವಾಂತಿಯಾಗುವವರಿಗೆ, ಕರುಳು ಕಟ್ಟಿದವರಿಗೆ ಅದು ವರ. ಮೂತ್ರಪಿಂಡದ ತೊಂದರೆ ಇದ್ದವರಿಗೂ ಮಾರ್ಫಿನ್‌ಗಿಂತ ವಾಸಿ, ಮಲ ಕಟ್ಟುವುದೂ ಸ್ವಲ್ಪ ಕಡಿಮೆ. ಆದರೆ ಪರಿಣಾಮ ಶುರುವಾಗಲು 12ರಿಂದ 24 ಗಂಟೆ ಬೇಕು, ಕಿತ್ತೆಸೆದ ಮೇಲೂ ಅಷ್ಟೇ ಹೊತ್ತು ಮೈಯಲ್ಲಿ ಉಳಿಯುತ್ತದೆ. ಏರಿಳಿಯುವ ನೋವಿಗೆ ಅದನ್ನು ಹೊಂದಿಸಲು ಆಗದು. ಇನ್ನೊಂದು ಲೆಕ್ಕ ನೋಡಿ: 25 ಮೈಕ್ರೋಗ್ರಾಂ ಎಂದು ಬರೆದ ಪ್ಯಾಚ್ ದಿನಕ್ಕೆ 60 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್ ಗುಳಿಗೆಗೆ ಸಮ. ಪ್ಯಾರಾಸಿಟಮಾಲಿನಲ್ಲಿದ್ದ ಅಜ್ಜನಿಗೆ ನೇರವಾಗಿ ಅದನ್ನು ಅಂಟಿಸಿದರೆ ಉಸಿರಿಗೇ ಅಪಾಯ. ಮೊದಲು ಗುಳಿಗೆಯಲ್ಲಿ ಪ್ರಮಾಣ ಗೊತ್ತುಮಾಡಿ, ಆಮೇಲೆ ಪ್ಯಾಚಿಗೆ ಹೋಗುವುದು ಕ್ರಮ.

ಕರಾವಳಿಯ ಸೆಕೆಯಲ್ಲಿ ಇನ್ನೂ ಎರಡು ತಾಪತ್ರಯ. ಬೆವರಿಗೆ ಪ್ಯಾಚ್ ಏಳುತ್ತದೆ, ಅಂಚಿಗೆ ಟೇಪ್ ಹಾಕಬೇಕಾಗುತ್ತದೆ. ಜ್ವರ ಬಂದಾಗ, ಬಿಸಿನೀರಿನ ಚೀಲ ಇಟ್ಟಾಗ, ಹಂಡೆಯ ಸುಡುನೀರು ಹೊಯ್ದುಕೊಂಡಾಗ ಮದ್ದು ಒಮ್ಮೆಲೇ ಹೆಚ್ಚು ಇಳಿಯುತ್ತದೆ. ತೀರಾ ಸೊರಗಿದವರಲ್ಲಿ ಹೀರಿಕೆ ಸರಿಯಾಗುವುದಿಲ್ಲ ಎಂಬುದನ್ನೂ ಸೇರಿಸಿ. ಅರ್ಧಕ್ಕೆ ಕತ್ತರಿಸಬಾರದು. ತೆಗೆದ ಪ್ಯಾಚನ್ನು ಅಂಟು ಒಳಗಾಗುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಮಾಡಬೇಕು, ಬಳಸಿದ ಪ್ಯಾಚಿನಲ್ಲೂ ಮದ್ದು ಉಳಿದಿರುತ್ತದೆ. ಸಣ್ಣ ಪ್ರಮಾಣ ಸಾಕಾಗುವವರಿಗೆ ಏಳು ದಿನದ ಬ್ಯುಪ್ರೆನಾರ್ಫಿನ್ ಪ್ಯಾಚ್ ಕೂಡ ಇದೆ.

ಬಾಯಿಯಿಂದ ನುಂಗಲು ಆಗುವ ತನಕ ಗುಳಿಗೆ, ಆಗದಿದ್ದಾಗ ಪ್ಯಾಚ್ ಎನ್ನುವುದು ನನ್ನ ತೀರ್ಪು. ಪ್ಯಾಚ್ ದುಬಾರಿ, ಆದ್ದರಿಂದ ಅದು ಹೆಚ್ಚು ಒಳ್ಳೆಯದು ಎಂಬ ಗಲ್ಫ್ ಲೆಕ್ಕ ಇಲ್ಲಿ ನಡೆಯದು.

ಸೂಜಿಯ ದಾರಿ

ಗೋಡೆಯ ನೋವಿಗೆ ನೋಯುವ ಬಿಂದುವಿಗೇ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ನೋವು ಇಳಿದರೆ ರೋಗನಿರ್ಣಯವೂ ಆಯಿತು, ಚಿಕಿತ್ಸೆಯೂ ಆಯಿತು. ಗುಳಿಗೆಗಳಿಂದ ಬೇಸತ್ತವರು ಪೇನ್ ಕ್ಲಿನಿಕ್ಕಿನಲ್ಲಿ ಇದನ್ನು ಹೆಸರು ಹೇಳಿಯೇ ಕೇಳಬಹುದು.

ಆಳದ ಬೆನ್ನುನೋವಿಗೆ ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್. ನರಜಾಲದ ಸುತ್ತ ಆಲ್ಕೊಹಾಲ್ ಚುಚ್ಚಿ ನೋವಿನ ಸುದ್ದಿ ಮೇಲಕ್ಕೆ ಹೋಗದಂತೆ ಮಾಡುವುದು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗಡ್ಡೆ ತೆಗೆಯಲಾಗದ ರೋಗಿಗಳಿಗೆ ಆಪರೇಶನ್ ಟೇಬಲ್ಲಿನಲ್ಲೇ ಹೀಗೆ ಆಲ್ಕೊಹಾಲ್ ಕೊಟ್ಟಾಗ, ಬರೀ ಉಪ್ಪುನೀರು ಪಡೆದವರಿಗಿಂತ ಅವರ ನೋವು ಕಡಿಮೆ ಇತ್ತು. ಇದರ ಪರಿಣಾಮ ಸಾಮಾನ್ಯವಾಗಿ ಕೆಲವು ತಿಂಗಳು ಇರುತ್ತದೆ, ಮಾರ್ಫಿನ್ ಪ್ರಮಾಣ ಇಳಿಸಲು ಆಗುತ್ತದೆ. ಬಿ.ಪಿ. ಇಳಿಯುವುದು, ಕೆಲವು ದಿನ ಭೇದಿಯಾಗುವುದು ಮಾಮೂಲು. ವಿಪ್ಪಲ್ ಆದವರಲ್ಲಿ ಒಳಗಿನ ದಾರಿಗಳು ಬದಲಾಗಿರುವುದರಿಂದ ಎಂಡೋಸ್ಕೋಪಿಯಿಂದ ಮಾಡುವುದೋ, ಸ್ಕ್ಯಾನ್ ನೋಡುತ್ತಾ ಬೆನ್ನಿನ ಕಡೆಯಿಂದ ಮಾಡುವುದೋ ಎಂದು ಕೇಳಿ, ಆಪರೇಶನ್ ನೋಟ್ಸ್ ಕೊಂಡೊಯ್ಯಿರಿ. ಗೀಟಿನ ನೋವಿಗೂ ಊಟದ ನೋವಿಗೂ ಇದು ಉಪಯೋಗಕ್ಕೆ ಬರುವುದಿಲ್ಲ. ಮರಳಿದ ಗಡ್ಡೆ ಒಂದೇ ಕಡೆ ಒತ್ತುತ್ತಿದ್ದರೆ ನೋವಿಗಾಗಿಯೇ ರೇಡಿಯೇಶನ್ ಕೊಡುವುದೂ ಉಂಟು.

ಎಣ್ಣೆ, ಕಷಾಯದ ಮಾತು ಚುಟುಕಾಗಿ: ಕೂತು ಮಲಗಿ ಬಿಗಿದ ಬೆನ್ನಿಗೆ, ಭುಜಕ್ಕೆ ಮೆಲ್ಲಗೆ ಎಣ್ಣೆ ಸವರುವುದರಿಂದ ತೊಂದರೆಯಿಲ್ಲ. ಹೊಟ್ಟೆಗೆ ಉಜ್ಜುವುದು, ಪ್ಯಾಚ್ ಇರುವ ಕಡೆ ಕಿಳಿ (ಬಿಸಿ ಮದ್ದಿನ ಗಂಟು) ಇಡುವುದು, ಕಿಮೊದಿಂದ ಮರಗಟ್ಟಿದ ಕಾಲಿಗೆ ಬಿಸಿ ಕೊಡುವುದು ಬೇಡ. ಹೊಟ್ಟೆಗೆ ಇಳಿಯುವ ಯಾವ ಕಷಾಯವಿದ್ದರೂ ಕಿಮೊ ಡಾಕ್ಟರಿಗೆ ಹೇಳಿ ಕುಡಿಯಿರಿ, ಲಿವರ್ ರಿಪೋರ್ಟ್ ಏರುಪೇರಾದರೆ ಕಾರಣ ಯಾವುದೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ದಿನಾ ಅಂಗಳದಲ್ಲಿ ನಾಲ್ಕು ಸುತ್ತು ನಡೆಯುವುದು, ಎದ್ದು ಕೂರುವಾಗ ಹೊಟ್ಟೆಗೆ ಬೆಲ್ಟ್ ಕಟ್ಟುವುದು ಕಡಿಮೆಯೇನಲ್ಲ.

ಹೋಗುವುದು ಎಲ್ಲಿಗೆ?

ಕಾಸರಗೋಡಿನವರಿಗೆ ಮಂಗಳೂರು ಹತ್ತಿರ, ಮಾತು ಗೊತ್ತು, ಆಪರೇಶನ್ ಆದದ್ದೂ ಹೆಚ್ಚಾಗಿ ಅಲ್ಲೇ. ಹೊಸ ನೋವು, ಜ್ವರ, ಸ್ಕ್ಯಾನ್, ಸೂಜಿಯ ಚಿಕಿತ್ಸೆ ಇವಕ್ಕೆಲ್ಲ ಅಲ್ಲಿಗೇ ಹೋಗಬೇಕು. ಕೇರಳದ ಕಾರುಣ್ಯ ಎಂಬ ಚಿಕಿತ್ಸಾ ನೆರವಿನ ಯೋಜನೆಯ ಕಾರ್ಡ್ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿ. ಕ್ಯಾನ್ಸರ್ ಚಿಕಿತ್ಸೆ ಪೂರ್ತಿ ಕೇರಳದ ವ್ಯವಸ್ಥೆಯೊಳಗೇ ಬೇಕಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ರೈಲಿನಲ್ಲಿ ಹೋಗಿಬರಬಹುದು.

ದಿನದಿನದ ನೋವಿಗೆ ಮಾತ್ರ ಇವೆರಡಕ್ಕಿಂತಲೂ ಹತ್ತಿರದ್ದು ನಿಮ್ಮ ಪಂಚಾಯತಿನದೇ ಪಾಲಿಯೇಟಿವ್. ಈ ವಿಷಯದಲ್ಲಿ ಗಡಿಯ ಈಚೆ ಇರುವುದು ನಮ್ಮ ಅದೃಷ್ಟ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ಶುರುಮಾಡಿದ ಕೆಲಸ ಊರೂರಿಗೆ ಹಬ್ಬಿ, 2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ ನೀತಿಯನ್ನೇ ತಂದಿತು. ಇವತ್ತು ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಸೇರಿದ ನರ್ಸ್ ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆಗೋ ವಾರ್ಡ್ ಮೆಂಬರಿಗೋ ಹೇಳಿದರೆ ಸಾಕು. ಕಿಮೊ ನಡೆಯುತ್ತಿರುವಾಗಲೇ ಹೆಸರು ಬರೆಸಬಹುದು, ಮಂಗಳೂರಿನ ಡಾಕ್ಟರನ್ನು ಬಿಡಬೇಕಾಗಿಲ್ಲ. 2014ರಲ್ಲಿ ಮಾದಕವಸ್ತು ಕಾಯ್ದೆ ತಿದ್ದುಪಡಿಯಾಗಿ ಮಾರ್ಫಿನ್, ಫೆಂಟನಿಲ್ ಸೇರಿ ಆರು ಮದ್ದುಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಬಂದ ಮೇಲೂ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾತ್ರ ಮಾರ್ಫಿನ್ ಸಿಗುತ್ತದೆ. ನಿಮಗೆ ಹತ್ತಿರದ್ದು ಯಾವುದು ಎಂದು ಆ ನರ್ಸಿಗೆ ಗೊತ್ತಿರುತ್ತದೆ.

ಊರಿನ ಈ ನಂಟು ಬೇಕು ಎನ್ನಲು ಇನ್ನೊಂದು ಕಾರಣವನ್ನು 2020ರ ಮಾರ್ಚ್‌ನಲ್ಲಿ ಎಲ್ಲರೂ ಕಂಡೆವು. ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಬೇಕಿದ್ದ ರೋಗಿಗಳು ದಾರಿಯಲ್ಲೇ ಸಿಕ್ಕಿಹಾಕಿಕೊಂಡರು, ಜೀವವೂ ಹೋಯಿತು. ನೋವಿನ ಮದ್ದಿಗೆ ಗಡಿ ದಾಟಲೇಬೇಕು ಎಂಬ ಸ್ಥಿತಿಯಲ್ಲಿ ಯಾರೂ ಇರಬಾರದು. ಆಪರೇಶನ್ ನೋಟ್ಸ್, ಬಯಾಪ್ಸಿ ರಿಪೋರ್ಟ್, ಕೊನೆಯ ಸ್ಕ್ಯಾನ್ ಇವುಗಳ ಜೆರಾಕ್ಸ್ ಒಂದು ಪ್ರತಿ ಪಾಲಿಯೇಟಿವ್‌ನವರ ಫೈಲಿನಲ್ಲೂ ಇರಲಿ.

ಯಾವ ಗುಳಿಗೆಯನ್ನೂ ಹೋಲಿಸುತ್ತಾ ಕೂರಬಾರದ ಹೊತ್ತು

ನಡುಕದೊಂದಿಗೆ ಜ್ವರ, ಕಣ್ಣು ಮತ್ತು ಮೂತ್ರ ಹಳದಿಯಾಗುವುದು: ಪಿತ್ತನಾಳದಲ್ಲಿ ಸೋಂಕು ಇರಬಹುದು. ಕಿಮೊ ನಡೆಯುವಾಗ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್ 100.4 ದಾಟಿದ ಜ್ವರ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲವೂ ಗಾಳಿಯೂ ನಿಂತುಹೋಗುವುದು. ರಕ್ತವಾಂತಿ, ಟಾರಿನಂತೆ ಕಪ್ಪು ಮಲ. ಒಂದು ಕಾಲು ಮಾತ್ರ ಊದಿ ನೋಯುವುದು ಅಥವಾ ಒಮ್ಮೆಲೇ ಏದುಸಿರು: ಈ ಕ್ಯಾನ್ಸರಿನಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚು. ಮಾರ್ಫಿನ್ ಅಥವಾ ಪ್ಯಾಚಿನಲ್ಲಿರುವವರು ಕರೆದರೆ ಎಚ್ಚರವಾಗದೆ, ಉಸಿರು ತೀರಾ ನಿಧಾನವಾಗುವುದು. ಇವುಗಳಲ್ಲಿ ಯಾವುದಿದ್ದರೂ ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಫೋನ್ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ಯಾವ ಮದ್ದು ಎಷ್ಟು ಹೊತ್ತಿಗೆ ಕೊಟ್ಟದ್ದು ಎಂದು ಬರೆದ ಆ ಕ್ಯಾಲೆಂಡರ್ ಹಾಳೆ, ಮೈಮೇಲೆ ಪ್ಯಾಚ್ ಇದ್ದರೆ ಅದರ ಕವರ್, ಇಷ್ಟನ್ನು ಫೈಲಿನ ಜೊತೆ ಹಿಡಿದುಕೊಳ್ಳಿ. ಅಲ್ಲಿನ ಡ್ಯೂಟಿ ಡಾಕ್ಟರು ಮೊದಲು ಕೇಳುವುದು ಅದನ್ನೇ.